ದೇಚಮ್ಮನ ಜೋಡುನಳಿಗೆ ಕೋವಿ

ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಹೊಸ ಪಿಎಸ್‌ಐ ಒಬ್ಬರು ಬಂದಿದ್ದರು. ತರಬೇತಿ ಮುಗಿದು ಎರಡೇ ವಾರ. ಬೆಲ್ಟಿನ ಹೊಳಪು ಇನ್ನೂ ಕಣ್ಣು ಕುಕ್ಕುತ್ತಿತ್ತು. "ಸಾರ್, ನಿಮ್ಮ ಸರ್ವಿಸ್‌ನಲ್ಲಿ ದೊಡ್ಡ ಕೇಸು ಯಾವುದು?" ಎಂದು ಕೇಳಿದರು. ಪೇಪರಿನಲ್ಲೆಲ್ಲ ಬಂದಿದ್ದ ಒಂದು ದರೋಡೆ ಕೇಸನ್ನು ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಾನು ಹೇಳಿದ್ದು ಸುಳ್ಳು. ನನ್ನ ದೊಡ್ಡ ಕೇಸಿಗೆ ನಂಬರೇ ಇಲ್ಲ. ಎಫ್‌ಐಆರ್ ಆಗುವ ಮೊದಲೇ ಅದು ನನ್ನ ಕುತ್ತಿಗೆಗೆ ಬಂದಿತ್ತು. ಆ ಹೊಸಬರಿಗೆ ಹೇಳದೆ ಬಿಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಇನ್‌ಸ್ಪೆಕ್ಟರ್ ಆದೆ, ಯಾವಾಗ ಡಿವೈಎಸ್‌ಪಿ ಆದೆ ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ. ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನಾನು ಗದಗ ಕಡೆಯ ಎರೆಸೀಮೆಯವನು. ಜೋಳದ ರೊಟ್ಟಿ ತಿಂದು ಬೆಳೆದವನು, ಇಪ್ಪತ್ತೇಳು ವರ್ಷದವರೆಗೆ ಗುಡ್ಡವನ್ನೇ ಸರಿಯಾಗಿ ಕಂಡವನಲ್ಲ. ಪಿಎಸ್‌ಐ ಕೆಲಸ ಸಿಕ್ಕಿದ್ದು ಮಂಡ್ಯದ ಕಡೆ. ಅಲ್ಲಿ ಒಂದು ವರ್ಷವೂ ತುಂಬಿರಲಿಲ್ಲ, ಕೊಡಗಿನಲ್ಲಿ ಕರಿಮೆಣಸಿನ ಕಳ್ಳತನ ಹೆಚ್ಚಾಗಿದೆ ಎಂದು ನನ್ನನ್ನು ಓಓಡಿ ಮೇಲೆ ಕಳಿಸಿದರು. ನಮ್ಮ ಇಲಾಖೆಯಲ್ಲಿ ಓಓಡಿ ಎಂದರೆ ಇನ್ನೊಂದು ಠಾಣೆಗೆ ಸಾಲವಾಗಿ ಹೋಗುವುದು. ಆ ಠಾಣೆಯವರು ನಮ್ಮನ್ನು ತಮ್ಮವರೆಂದು ತಿಳಿಯುವುದಿಲ್ಲ, ಕಳಿಸಿದವರು ನಮ್ಮನ್ನು ನೆನೆಸಿಕೊಳ್ಳುವುದೂ ಇಲ್ಲ. ಬಾಳೆಲೆ ಎಂಬ ಊರಿನ ಕಡೆಯ ಒಂದು ಸಣ್ಣ ಠಾಣೆ ಅದು. ಅಲ್ಲಿ ನನಗೆ ಜೊತೆಯಾಗಿದ್ದವರು ದಫೇದಾರ್ ಬೆಳ್ಯಪ್ಪ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಆ ಭಾಗದ ಒಂದೊಂದು ಮನೆಯ ನಾಯಿಯ ಹೆಸರನ್ನೂ ಬಲ್ಲ ಮನುಷ್ಯ.

ನಾನು ಹೋದ ನಾಲ್ಕನೆಯ ದಿನ ಬೆಳ್ಯಪ್ಪ ಸಮನ್ಸ್ ಕೊಡಲು ಸಿದ್ದಾಪುರಕ್ಕೆ ಹೋಗಿದ್ದರು. ಬೆಳಗ್ಗೆ ಏಳು ಗಂಟೆ, ಹೊರಗೆ ಬಿಳಿ ಮಂಜು. ಢಂ ಎಂದು ಒಂದು ಗುಂಡು. ಅದರ ಬೆನ್ನಿಗೇ ಇನ್ನೊಂದು. ನನ್ನ ಎದೆ ಹಾರಿತು, ಸುಳ್ಳೇಕೆ ಹೇಳಲಿ, ಖುಷಿಯಿಂದ ಹಾರಿತು! ಮೆಣಸಿನ ಕಳ್ಳರನ್ನು ಹುಡುಕಲು ಬಂದವನಿಗೆ ಗುಂಡಿನ ಕೇಸು ಸಿಕ್ಕಿತೆಂದು. ಇಬ್ಬರು ಪೇದೆಗಳನ್ನು ಎಳೆದುಕೊಂಡು ಸದ್ದು ಬಂದ ಕಡೆ ಓಡಿದೆ. ಕಾಫಿ ಗಿಡಗಳ ನಡುವಿನ ಏರುದಾರಿ ಹತ್ತಿ ಒಂದು ಹೆಂಚಿನ ಮನೆಯ ಅಂಗಳಕ್ಕೆ ನುಗ್ಗಿದರೆ, ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಬಿಳಿ ಸೀರೆ. ಕೈಯಲ್ಲಿ ಜೋಡುನಳಿಗೆ ಕೋವಿ, ಇನ್ನೂ ಹೊಗೆಯ ವಾಸನೆ. ತೆರೆದ ಬಾಗಿಲಿನಿಂದ ಒಳಗೆ ಚಾಪೆಯ ಮೇಲೆ ಮಲಗಿಸಿದ್ದ ಹೆಣ ಕಾಣುತ್ತಿತ್ತು.

ಕೋವಿ, ಗುಂಡು, ಹೆಣ, ಆರೋಪಿ. ನಾಲ್ಕೂ ಒಂದೇ ಅಂಗಳದಲ್ಲಿ.

"ಕೋವಿ ಕೆಳಗಿಡ್ರಿ! ಯಾರಿಗೆ ಗುಂಡು ಹೊಡದ್ರಿ?" ಎಂದು ಕೂಗಿದೆ.

"ಆಕಾಶಕ್ಕೆ," ಎಂದಳು ಆಕೆ.

"ಚಾಷ್ಟಿ ಮಾಡಬ್ಯಾಡ್ರಿ. ಲೈಸೆನ್ಸ್ ಎಲ್ಲೈತಿ?"

"ಇಲ್ಲ. ನಮಗೆ ಬೇಡ ಅದು."

ಪೇದೆಗಳಿಬ್ಬರೂ ನನ್ನ ಹಾಗೆಯೇ ಹೊರಗಿನಿಂದ ಬಂದ ಹೊಸಬರು, ಅವರಿಗೂ ಏನೂ ತಿಳಿದಿರಲಿಲ್ಲ. ನಾನು ಕೋವಿ ಕಿತ್ತುಕೊಂಡೆ. ನಳಿಗೆ ಮಡಚಿ ಎರಡು ಖಾಲಿ ತೋಟಾ ಹೊರತೆಗೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇಂದು ಇದನ್ನು ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾನು ಬೂಟುಗಾಲಿನಲ್ಲೇ ಒಳಗೆ ಹೋಗಿ, ಸತ್ತವರ ಮೇಲಿನ ಬಟ್ಟೆ ಸರಿಸಿ, ಗುಂಡಿನ ಗಾಯ ಎಲ್ಲಿದೆ ಎಂದು ಹುಡುಕಿದೆ. ಎಂಬತ್ತು ದಾಟಿದ ಮುದುಕರು. ನಿದ್ದೆಯಲ್ಲೇ ಹೋಗಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಅಷ್ಟು ಹೊತ್ತಿಗೆ ಅಂಗಳದ ತುಂಬ ಬಿಳಿ ಬಟ್ಟೆಯವರು ಸೇರಿದ್ದರು.

ಆಕೆ ಬಾಗಿಲಲ್ಲಿ ನಿಂತು ಹೇಳಿದಳು: "ನನ್ನ ಅಪ್ಪ ಅವರು. ಕೋವಿ ತಕೊಂಡು ಹೋಗಿ ಸಾಹೇಬ್ರೆ. ಅಪ್ಪನನ್ನು ಕಳಿಸಿಕೊಟ್ಟ ಮೇಲೆ ನಾನೇ ಸ್ಟೇಷನ್‌ಗೆ ಬರ್ತೇನೆ. ಈಗ ಹೊರಗೆ ನಡೀರಿ."

ನಾನು ನಡೆದೆ. ಆದರೆ ಕೋವಿ ಬಿಡಲಿಲ್ಲ. ಮೂರ್ಖನಿಗೂ ಒಂದು ಜಂಭ ಇರುತ್ತದೆ.

ಮಧ್ಯಾಹ್ನ ಸಿದ್ದಾಪುರದಿಂದ ಬಂದ ಬೆಳ್ಯಪ್ಪ, ಮೇಜಿನ ಮೇಲಿನ ಕೋವಿ ನೋಡಿ ತಲೆಗೆ ಕೈ ಹಚ್ಚಿ ಕುಳಿತರು. "ಎಂತ ಮಾಡಿಬಿಟ್ರಿ ಸಾರ್? ಸಾವಿನ ಮನೆಯಿಂದ ಕೋವಿ ಎತ್ತಿಕೊಂಡು ಬಂದ್ರಾ? ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ತೀರಿಕೊಂಡ್ರೆ ಎರಡು. ಊರಿಗೆ ಸುದ್ದಿ ಕೊಡೋದು ಹಾಗೆ. ಎರಡು ಕೇಳಿದ್ರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬರ್ತಾರೆ. ನೀವೂ ಹೋದಿರಿ, ಆದ್ರೆ ಹೀಗೆ ಹೋದಿರಿ."

ಲೈಸೆನ್ಸಿನ ವಿಷಯವನ್ನೂ ಅವರೇ ಹೇಳಿದರು. ಕೊಡವರಿಗೂ ತಲೆಮಾರಿನಿಂದ ಬಂದ ಜಮ್ಮಾ ಜಮೀನು ಹಿಡಿದವರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಜಿಲ್ಲಾಧಿಕಾರಿ ಕೊಡುವ ವಿನಾಯಿತಿ ಪತ್ರ ಇದ್ದರೆ ಸಾಕು. ಆಯುಧ ಕಾಯಿದೆಯ ಕಲಮುಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಈ ವಿನಾಯಿತಿಯ ಸಾಲನ್ನು ಮಾತ್ರ, ಪರೀಕ್ಷೆಯಲ್ಲಿ ಬರುವುದಿಲ್ಲ ಎಂದು ಬಿಟ್ಟಿದ್ದೆ. ಹೊಸಬರೇ, ಯಾವ ಊರಿಗೆ ಹಾಕಿದರೂ ಮೊದಲ ದಿನ ಕೇಸ್ ಡೈರಿ ಓದಬೇಡಿ. ಆ ಊರು ಹೇಗೆ ಅಳುತ್ತದೆ, ಹೇಗೆ ನಗುತ್ತದೆ ಎಂದು ಅಲ್ಲಿನ ದಫೇದಾರರನ್ನು ಕೇಳಿ.

ನಮ್ಮ ಸರ್ಕಲ್ ಇನ್‌ಸ್ಪೆಕ್ಟರಿಗೆ ಸುದ್ದಿ ಮುಟ್ಟಿತು. ಅವರಿಗೆ ಎಲ್ಲ ತಪ್ಪೂ ಚಾಪೆಯ ಕೆಳಗೆ ತಳ್ಳುವಂಥದ್ದು. "ಯಾರಾದ್ರೂ ಪೇದೆ ಕೈಲಿ ಕಳಿಸಿಬಿಡು, ಸಾರಿ-ಗೀರಿ ಏನೂ ಬೇಡ. ಯೂನಿಫಾರ್ಮ್ ತಲೆ ಬಗ್ಗಿಸಬಾರದು," ಎಂದರು. ಸಾಹೇಬರು ಹೋದ ಮೇಲೆ ಬೆಳ್ಯಪ್ಪ ಮೆಲ್ಲಗೆ ಹೇಳಿದರು: "ಹನ್ನೊಂದನೇ ದಿನ ಅವರಲ್ಲಿ ಮಾದ ಉಂಟು, ತೀರಿಕೊಂಡವರ ತಿಥಿ. ನೆಂಟರೆಲ್ಲ ಬರ್ತಾರೆ. ಅವಮಾನ ಎಲ್ಲರ ಎದುರು ಆಗಿದೆ ಸಾರ್, ಕೋವಿಯೂ ಎಲ್ಲರ ಎದುರೇ ಹೋಗ್ಬೇಕು."

ಹೋದೆ. ಜೀಪು ಕೆಳಗೇ ನಿಲ್ಲಿಸಿ, ಬೂಟು ಕಳಚಿ, ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟಿದೆ. ನೂರು ಕಣ್ಣು ನನ್ನ ಮೇಲೆ. "ತಪ್ಪಾತ್ರೀ," ಎಂದೆ. ಬೇರೆ ಏನೇನೋ ಕಲಿತು ಹೋಗಿದ್ದೆ, ಬಾಯಿಂದ ಬಂದದ್ದು ಅದೊಂದೇ. ಆ ಮನೆಯ ಮಗಳು ದೇಚಮ್ಮ ಕೋವಿ ತೆಗೆದುಕೊಂಡಳು. ನಳಿಗೆಯ ಮೇಲೆ ಬೆರಳಾಡಿಸಿ ನೋಡಿ, "ಎಣ್ಣೆ ಹಾಕಿದ್ದೀರಿ," ಎಂದಳು. ದಿನಾ ಹಾಕುತ್ತಿದ್ದೆ. ಹತ್ತು ದಿನ ಮಾಡಲು ನನಗೆ ಬೇರೆ ಪ್ರಾಯಶ್ಚಿತ್ತ ತೋಚಿರಲಿಲ್ಲ.

"ಊಟ ಮಾಡಿ ಹೋಗಿ," ಎಂದಳು. ಎಲೆಯ ಮುಂದೆ ಕುಳಿತರೆ ಹಂದಿಮಾಂಸದ ಘಮ ಮೂಗಿಗೆ ಬಡಿಯಿತು. ನಾನು ಹುಟ್ಟಿನಿಂದ ಮಾಂಸ ಮುಟ್ಟದವನು, ಬೆವರಿದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ, ಕಡುಬಿನ ಜೊತೆ ಕುಂಬಳಕಾಯಿ ಪಲ್ಯ ತಂದು ಬಡಿಸಿದಳು. ಅಪ್ಪನ ಹೆಣದ ಬಟ್ಟೆ ಸರಿಸಿದವನಿಗೆ! ಆ ಪಲ್ಯ ಗಂಟಲಲ್ಲಿ ಇಳಿಯುವಾಗ ನನಗೆ ಅಳು ಬಂತು. ಪ್ರೀತಿ ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಅದೇ ಎಲೆಯ ಮುಂದೆ ಎನ್ನುತ್ತೇನೆ.

ಆಕೆ ಒಬ್ಬಳೇ ಮಗಳು. ತಾಯಿ ಎಂದೋ ತೀರಿಕೊಂಡಿದ್ದರು. ಅಪ್ಪ ಹಾಸಿಗೆ ಹಿಡಿದ ಆರು ವರ್ಷ ತೋಟವನ್ನು ತಾನೇ ನಡೆಸಿದ್ದಳು. ಜೀಪು ತಾನೇ ಓಡಿಸುವಳು, ಔಷಧಿ ಹೊಡೆಸುವಾಗ ಆಳುಗಳ ಜೊತೆ ತಾನೂ ನಿಲ್ಲುವಳು. ಪಕ್ಕದ ತೋಟ ಅವಳ ಚಿಕ್ಕಪ್ಪ ಕುಶಾಲಪ್ಪನವರದು. ನಡುವಿನ ಬೇಲಿ ತೆಗೆದು ಎರಡನ್ನೂ ಒಂದು ಮಾಡಬೇಕೆಂಬುದು ಅವರ ಬಹುದಿನದ ಆಸೆ. ಅದಕ್ಕೆ ಅಡ್ಡ ನಿಂತಿದ್ದದ್ದು ದೇಚಮ್ಮ ಒಬ್ಬಳೇ. ಅವಳು ಮದುವೆಯಾಗಿ ಹೊರಟುಹೋದರೆ ತೋಟ ತಾನಾಗಿ ಅವರ ಕೈಗೆ ಬರುತ್ತಿತ್ತು. ಅವಳು ಆ ಮನೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದೂ ಅದಕ್ಕೇ.

ಮುಂದಿನ ತಿಂಗಳು ಮೂರು ತೋಟಗಳಲ್ಲಿ ಬಳ್ಳಿಯ ಮೆಣಸನ್ನು ಯಾರೋ ಬರಿದು ಮಾಡಿದರು. ಸರ್ಕಲ್ ಸಾಹೇಬರು ತನಿಖೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು: "ಲೈನ್ ಮನೆಯವರನ್ನ ಎಳ್ಕೊಂಡು ಬಂದು ನಾಲ್ಕು ಕೊಡು." ಲೈನ್ ಎಂದರೆ ತೋಟದ ಕೂಲಿಯವರ ಸಾಲುಮನೆಗಳು. ನಾನು ಪೇದೆಗಳ ಜೊತೆ ದೇಚಮ್ಮನ ಲೈನಿಗೆ ಹೋದಾಗ ಆಕೆ ದಾರಿಗೆ ಅಡ್ಡ ಜೀಪು ನಿಲ್ಲಿಸಿ ಇಳಿದಳು.

"ನನ್ನ ಆಳುಗಳನ್ನು ಮುಟ್ಟಬೇಡಿ. ಕದ್ದ ಜಾಗ ನೋಡಿದ್ದೀರಾ?"

"ನೋಡೇವ್ರಿ."

"ಮರ ನೋಡಿದ್ದೀರಿ. ನೆಲ ನೋಡ್ಲಿಲ್ಲ."

ಕರೆದುಕೊಂಡು ಹೋಗಿ ತೋರಿಸಿದಳು. ಕೊಡಗಿನಲ್ಲಿ ಮೆಣಸು ಕೊಯ್ಯುವುದು ಒಂಟಿ ಬಿದಿರಿನ ಏಣಿಯಿಂದ. ಒಂದೇ ಬೊಂಬು, ಅದರ ಗೆಣ್ಣುಗಳೇ ಮೆಟ್ಟಿಲು. ಅದನ್ನು ಮರಕ್ಕೆ ಒರಗಿಸಿದರೆ ನೆಲದಲ್ಲಿ ಒಂದು ಕುಳಿ ಬೀಳುತ್ತದೆ. ಕಳುವಾದ ಮರಗಳ ಬುಡದಲ್ಲೆಲ್ಲ ಇದ್ದದ್ದು ಎರಡೆರಡು ಕುಳಿ, ಒಂದೇ ಅಳತೆಯ ಅಂತರದಲ್ಲಿ. "ಎರಡು ಕಾಲಿನ ಏಣಿಯಲ್ಲಿ ನಮ್ಮವರಿಗೆ ಹತ್ತಲಿಕ್ಕೇ ಬರೋದಿಲ್ಲ," ಎಂದಳು. ಕಬ್ಬಿಣದ ಏಣಿ ಇಟ್ಟುಕೊಂಡವರು ಯಾರೆಂದು ಬೆಳ್ಯಪ್ಪ ಮೂರು ದಿನ ಸುತ್ತಿ ವಿಚಾರಿಸಿದರು. ಪೇಂಟಿಂಗ್ ಕಂಟ್ರಾಕ್ಟರ್ ಒಬ್ಬನ ವ್ಯಾನಿನಲ್ಲಿ ಬಣ್ಣದ ಡಬ್ಬಿಗಳ ಹಿಂದೆ ಹಸಿ ಮೆಣಸಿನ ಮೂಟೆಗಳು ಸಿಕ್ಕವು! ಕುಳಿಯ ಅಂತರಕ್ಕೂ ಏಣಿಯ ಕಾಲಿಗೂ ದಾರ ಹಿಡಿದು ನೋಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ. ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಈಗಿನವರಿಗೆ ಸಿಸಿಟಿವಿ ಇದೆ, ಮೊಬೈಲ್ ಟವರ್ ಇದೆ, ಸಂತೋಷ. ಆದರೆ ನೆಲ ನೋಡುವ ಕೆಲಸವನ್ನು ಯಾವ ಕ್ಯಾಮೆರಾಕ್ಕೂ ಬಿಡಬೇಡಿ. ಅಂದು ಸಾಹೇಬರ ಮಾತು ಕೇಳಿದ್ದರೆ ನಾನು ನಿರಪರಾಧಿಗಳ ಬೆನ್ನು ಮುರಿಯುತ್ತಿದ್ದೆ. ಆಕೆಯ ಮುಖವನ್ನು ಮತ್ತೆ ನೋಡುವ ಯೋಗ್ಯತೆಯೂ ಇರುತ್ತಿರಲಿಲ್ಲ.

ಆಮೇಲೆ ನಾನು ಆ ತೋಟಕ್ಕೆ ಹೋಗಲು ಹುಡುಕಿದ ನೆಪಗಳನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಹೇಳಿಕೆಗೆ ಸಹಿ ಬೇಕು. ಪಂಚನಾಮೆಯಲ್ಲಿ ಒಂದು ಅಳತೆ ಬಿಟ್ಟುಹೋಗಿದೆ. ಬೆಳ್ಯಪ್ಪ ಒಂದು ದಿನ ಗಂಭೀರವಾಗಿ, "ಸಾರ್, ಆ ಕುಳಿಗಳನ್ನು ನೀವು ಇಷ್ಟು ಸಲ ಅಳೆದ್ರೆ ಬಾವಿ ಆಗ್ತದೆ," ಎಂದರು.

ಮಾರ್ಚ್ ಕೊನೆಗೆ ಓಓಡಿ ಮುಗಿಯಿತೆಂದು ಕಾಗದ ಬಂತು. ಆ ಸಂಜೆಯೇ ಹೋಗಿ ಕೇಳಿಬಿಟ್ಟೆ. ಕಾಫಿ ಹೂ ಬಿಟ್ಟಿತ್ತು, ಇಡೀ ಗುಡ್ಡ ಮಲ್ಲಿಗೆಯಂತೆ ಘಮಘಮಿಸುತ್ತಿತ್ತು. "ನನ್ನ ಜೋಡಿ ಮಂಡ್ಯಕ್ಕ ಬರ್ತೀರೇನ್ರಿ?" ಎಂದೆ.

"ಬಂದು ಎಂತ ಮಾಡ್ಲಿ? ಕ್ವಾರ್ಟರ್ಸ್ ಹಿಂದೆ ಕಾಫಿ ಗಿಡ ನೆಡ್ಲಾ?" ಎಂದಳು. ನಕ್ಕಳು, ಆದರೆ ಕಣ್ಣು ನಗಲಿಲ್ಲ. "ನೀವು ಒಳ್ಳೆಯವರು ಬಸವರಾಜ್. ನನಗೂ ಮನಸ್ಸುಂಟು. ಆದ್ರೆ ನಾನು ಈ ಮೆಟ್ಟಿಲು ಇಳಿದ ದಿನ ಚಿಕ್ಕಪ್ಪ ಬೇಲಿ ತೆಗೀತಾರೆ. ಅಪ್ಪ ನನ್ನನ್ನು ನಂಬಿ ಕಣ್ಣು ಮುಚ್ಚಿದ್ದು."

ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದೇ ಮಾತಿನಲ್ಲಿ ಇಲ್ಲ ಎಂದೂ ಹೇಳಿಬಿಟ್ಟಳು.

ಮರುದಿನ ಮೈಸೂರಿನ ಬಸ್ಸು ಹತ್ತಿ, ನಮ್ಮ ರೇಂಜಿನ ದೊಡ್ಡ ಸಾಹೇಬರ ಬಾಗಿಲಲ್ಲಿ ನಿಂತೆ. ನನಗೆ ಕೊಡಗಿಗೇ ವರ್ಗ ಬೇಕೆಂದು ಬರೆದ ಅರ್ಜಿ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ತಪ್ಪು ಮಾಡಿದವರನ್ನ ನಾನು ಅಲ್ಲಿಗೆ ಕಳಿಸ್ತೀನಿ. ಮಳೆ ಶುರುವಾದ್ರೆ ಆರು ತಿಂಗಳು ಸಾಕ್ಸ್ ಒಣಗಲ್ಲ. ನೀನಾಗೇ ಕೇಳ್ತಿದ್ದೀಯಾ?"

"ಅಲ್ಲೇ ತಪ್ಪು ಮಾಡೇನ್ರಿ ಸಾಹೇಬ್ರ. ಅದನ್ನ ಅಲ್ಲೇ ಸರಿ ಮಾಡಬೇಕ್ರಿ," ಎಂದೆ.

ಅವರಿಗೆ ಏನು ಅರ್ಥವಾಯಿತೋ. ಜೂನ್‌ನಿಂದ ಹಾಕುತ್ತೇನೆ ಎಂದರು. ಓಡಿ ಬಂದು ದೇಚಮ್ಮನಿಗೆ ಹೇಳಿದೆ. ಅಂಗಳದಲ್ಲಿ ಚಿಕ್ಕಪ್ಪ ಕುಶಾಲಪ್ಪನವರೂ ಕುಳಿತಿದ್ದರು. "ಮೂರು ವರ್ಷ ಬಿಟ್ಟು ಮತ್ತೆ ಟ್ರಾನ್ಸ್‌ಫರ್ ಆದ್ರೆ?" ಎಂದು ಕೇಳಿದವರು ಅವರೇ.

"ಎಲ್ಲಿಗೆ ಹಾಕಿದ್ರೂ ಡ್ಯೂಟಿ ಅಲ್ಲಿ ಮಾಡ್ತೇನ್ರಿ. ಮನೆ ಅಂತ ಬರೋದು ಇಲ್ಲಿಗೇ. ಇದು ಆಕೆಯ ಮನೆ, ಆಕೆಯ ತೋಟ. ನನಗ ಉಣ್ಣಾಕ ಒಂದು ಎಲೆ ಸಾಕು."

"ಹೆಣ್ಣಿನ ಮನೆಗೆ ಗಂಡು ಬರೋದು ನಮ್ಮಲ್ಲಿ ಉಂಟು. ಆದ್ರೆ ಅದು ನಮ್ಮವರಿಗೆ," ಎಂದು ಅವರು ಎದ್ದು ಹೋದರು.

ಅವರು ಬೇಲಿ ದಾಟುವವರೆಗೆ ದೇಚಮ್ಮ ನೋಡುತ್ತ ನಿಂತಳು. ಆಮೇಲೆ ಹೇಳಿದಳು: "ನಾಳೆ ನೀವು ಹೊರಡೋದು ಒಂಬತ್ತಕ್ಕೆ ಅಲ್ವಾ? ಕೆಳಗೆ ಸೇತುವೆ ಹತ್ತಿರ ಜೀಪು ನಿಲ್ಲಿಸಿ. ಒಂದು ಗುಂಡು ಕೇಳಿದ್ರೆ ಮೇಲೆ ಬನ್ನಿ. ಎರಡು ಕೇಳಿದ್ರೆ ಈ ವಿಷಯ ಇಲ್ಲಿಗೆ ಮುಗೀತು, ಮಂಡ್ಯಕ್ಕೆ ಹೋಗಿ. ಈ ಊರಿನ ಗುಂಡು ನಿಮಗೆ ಅರ್ಥ ಆಗ್ತದಾ ನೋಡುವ."

ಆ ರಾತ್ರಿ ನಿದ್ದೆ ಮಾಡಿದೆನೋ ಇಲ್ಲವೋ ಕೇಳಬೇಡಿ. ಎಂಟೂವರೆಗೇ ಸೇತುವೆಯ ಮೇಲೆ ಇದ್ದೆ. ಗೋಣಿಕೊಪ್ಪದವರೆಗೆ ಬಿಡಲು ಬಂದಿದ್ದ ಬೆಳ್ಯಪ್ಪ ಪಕ್ಕದಲ್ಲಿದ್ದರು, ಅವರಿಗೆ ಎಲ್ಲ ಹೇಳಿದ್ದೆ. ಒಂಬತ್ತಾಯಿತು. ಒಂಬತ್ತೂ ಐದು. ಟೋಪಿ ತೆಗೆಯುವುದು, ಹಾಕುವುದು, ನನಗೆ ಅದೇ ಕೆಲಸ.

ಢಂ!

ಒಂದು. ನಾನು ಉಸಿರು ಬಿಗಿಹಿಡಿದೆ. ಇನ್ನೊಂದು ಬೇಡ, ಬೇಡ, ಬೇಡ. ಹಳ್ಳದ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಹತ್ತರವರೆಗೆ ಎಣಿಸಿದೆ. ಇಪ್ಪತ್ತಾಯಿತು. ಬೆಳ್ಯಪ್ಪನವರ ಕೈ ಹಿಡಿದುಕೊಂಡು ನಗಲು ಬಾಯಿ ತೆರೆದೆ.

ಢಂ!

ಜೀಪಿನ ಬಾಗಿಲು ತೆರೆದೆ. "ನಡೀರಿ ಬೆಳ್ಯಪ್ಪ. ಎರಡು ಆತು," ಎಂದೆ. ಎಂಥ ಮಾತು ಅದು. ಅವಳ ಅಪ್ಪನ ಸಾವಿನ ದಿನ ಎರಡು ಗುಂಡಿಗೆ ಅರ್ಥ ಗೊತ್ತಿಲ್ಲದೆ ಓಡಿದ್ದೆ. ಈಗ ಅರ್ಥ ಗೊತ್ತಿದ್ದು ಓಡಿಹೋಗುವುದರಲ್ಲಿದ್ದೆ.

ಬೆಳ್ಯಪ್ಪ ಸ್ಟೀರಿಂಗ್ ಮುಟ್ಟಲಿಲ್ಲ. "ಸಾರ್, ಅವತ್ತು ಕೇಳಿ ಓಡಿದ್ರಿ. ಇವತ್ತೂ ಬರೀ ಕೇಳಿ ಹೋಗ್ತೀರಾ? ಎರಡನೇದು ಎಲ್ಲಿಂದ ಬಂತು ಅಂತ ನೋಡ್ಬೇಡ್ವಾ?"

ಆ ಮಾತಿಗೆ ನನ್ನ ಇಡೀ ನೌಕರಿ ಋಣಿ. ಟೋಪಿ ಜೀಪಿನೊಳಗೆ ಎಸೆದು ಓಡಿದೆ. ಅದೇ ಏರುದಾರಿ, ಅದೇ ಕಾಫಿ ಗಿಡಗಳು. ದಾರಿಯಲ್ಲಿ ನನ್ನ ಜೊತೆ ಊರಿನವರೂ ಓಡುತ್ತಿದ್ದರು! ಒಬ್ಬ ಅಜ್ಜಿಯ ಕೈಯಲ್ಲಿ ಎಣ್ಣೆಯ ಸೀಸೆ, ಇನ್ನೊಬ್ಬರ ಕೈಯಲ್ಲಿ ಹಳೆಯ ಮೆತ್ತನೆ ಸೀರೆಯ ಗಂಟು.

ಅಂಗಳದಲ್ಲಿ ಆಗಲೇ ಜನ ತುಂಬಿದ್ದರು. ನಡುವೆ ದೇಚಮ್ಮ ನಿಂತಿದ್ದಳು. ಈ ಸಲ ಕೆಂಪು ಸೀರೆ, ಕೈಯಲ್ಲಿ ಅದೇ ಕೋವಿ. ಎಣ್ಣೆಯ ಅಜ್ಜಿ ಏದುಸಿರು ಬಿಡುತ್ತ, "ಒಂದೇ ಗುಂಡು ಕೇಳಿತಲ್ಲಾ! ಬಾಣಂತಿ ಎಲ್ಲಿ? ಯಾರಿಗೆ ಹುಟ್ಟಿದ್ದು?" ಎಂದು ಕೇಳುತ್ತಿದ್ದರು. ಮದುವೆಯಾಗದ ಹೆಣ್ಣಿನ ಮನೆಯಿಂದ ಮಗು ಹುಟ್ಟಿದ ಗುಂಡು! ಕುಶಾಲಪ್ಪನವರ ಮುಖ ಕಪ್ಪಿಟ್ಟಿತ್ತು.

ನಾನು ಉಸಿರು ಸಿಗದೆ ಕೇಳಿದೆ: "ಎರಡು ಕೇಳಿಸಿತ್ರಿ."

"ಎರಡನೇದು ಪಕ್ಕದ ತೋಟದಲ್ಲಿ ಆನೆ ಓಡಿಸಲಿಕ್ಕೆ ಹೊಡೆದ ಪಟಾಕಿ, ಆ ಸದ್ದು ಇವರಿಗೆಲ್ಲ ಗೊತ್ತು. ನನ್ನದು ಒಂದೇ." ದೇಚಮ್ಮ ಕೋವಿಯನ್ನು ನನ್ನತ್ತ ಚಾಚಿದಳು. "ನಂಬಬೇಡಿ. ಪೊಲೀಸ್ ಅಲ್ವಾ? ತೆಗೆದು ನೋಡಿ."

ಇಡೀ ಊರಿನ ಎದುರು ನಳಿಗೆ ಮಡಚಿದೆ. ಬಲಗಡೆ ಖಾಲಿ ತೋಟಾ, ಇನ್ನೂ ಬಿಸಿ. ಎಡಗಡೆಯದು ಹಾಗೇ ಇತ್ತು, ತುಂಬಿದ್ದು, ಹಾರದ್ದು. ನನ್ನ ಕಣ್ಣು ಮಂಜಾಯಿತು.

ಆಕೆ ಅಜ್ಜಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಯಾರಿಗೂ ಮಗು ಆಗ್ಲಿಲ್ಲ ಅಜ್ಜಿ. ನಾನು ಇವರನ್ನು ಮದುವೆ ಆಗ್ತೇನೆ. ಈ ಮನೆಯಲ್ಲೇ ಇರ್ತೇನೆ. ಎಲ್ಲರಿಗೂ ಒಟ್ಟಿಗೆ ಗೊತ್ತಾಗ್ಲಿ ಅಂತ ಕರೆದದ್ದು." ಚಿಕ್ಕಪ್ಪನನ್ನು ನೋಡಿ ಸೇರಿಸಿದಳು: "ಬೇಲಿ ಅಲ್ಲೇ ಇರ್ಲಿ."

ಆ ಅಜ್ಜಿ ಎಣ್ಣೆಯ ಸೀಸೆಯನ್ನು ನನ್ನ ಕೈಗೆ ತುರುಕಿ, "ಇಟ್ಟುಕೋ, ಮುಂದಕ್ಕೆ ಬೇಕಾಗ್ತದೆ," ಎಂದರು. ಅಂಗಳ ನಗುವಿನಲ್ಲಿ ಮುಳುಗಿತು.

ಆಮೇಲೆ ಎಲ್ಲೆಲ್ಲಿಗೋ ವರ್ಗವಾದೆ, ಪ್ರತಿ ರಜೆಗೂ ಆ ಮೆಟ್ಟಿಲಿಗೇ ಬಂದೆ. ಈಗ ಅದೇ ಅಂಗಳದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೂವತ್ತು ಚಿಲ್ಲರೆ ವರ್ಷಗಳ ನೌಕರಿಯಲ್ಲಿ ನಾನು ವಶಪಡಿಸಿಕೊಂಡ ಪ್ರತಿ ವಸ್ತುವಿಗೂ ಮಹಜರು ಬರೆದಿದ್ದೇನೆ, ಪಂಚರ ಸಹಿ ಹಾಕಿಸಿದ್ದೇನೆ, ನ್ಯಾಯಾಲಯಕ್ಕೆ ಒಪ್ಪಿಸಿದ್ದೇನೆ. ಅಂದು ಬಲನಳಿಗೆಯಿಂದ ತೆಗೆದ ಖಾಲಿ ತೋಟಾ ಒಂದನ್ನು ಬಿಟ್ಟು. ಅದು ನನ್ನ ಮೇಜಿನ ಖಾನೆಯಲ್ಲಿದೆ.